ಇಲಿಗಳ ವರ್ತನಾ ಪರೀಕ್ಷೆ: ಕೈಯಿಂದ ಕಲಿಸಿದ ತರಬೇತಿ

ನರವಿಜ್ಞಾನದ ಸಂಶೋಧನಾ ವಿದ್ಯಾರ್ಥಿಗಳಿಗಾಗಿ ಬೆಂಗಳೂರಿನ ಸಂಸ್ಥೆಯೊಂದು ಏರ್ಪಡಿಸಿದ್ದ, ಇಲಿಗಳ ವರ್ತನಾ ಪರೀಕ್ಷೆಯ ಪ್ರಾಯೋಗಿಕ ತರಬೇತಿಯಲ್ಲಿ ನಾನು ಭಾಗವಹಿಸಿದ್ದೆ. ಆತಂಕ, ಕಲಿಕೆ, ನೆನಪುಗಳನ್ನು ಅಳೆಯುವ ಉಪಕರಣಗಳನ್ನು ಮುಟ್ಟಿಸುವ ಮೊದಲೇ ಇಲಿಯನ್ನು ಹಿಡಿಯುವ ಕ್ರಮವನ್ನು ತಾಳ್ಮೆಯಿಂದ ಕಲಿಸಿದ್ದು ಈ ತರಬೇತಿಯ ದೊಡ್ಡ ಗುಣ.

ಬಾಲ ಹಿಡಿದು ಎತ್ತುವುದು ಅನೇಕ ಪ್ರಯೋಗಾಲಯಗಳಲ್ಲಿ ಬೇರೂರಿದ ರೂಢಿ. ಹಾಗೆ ಎತ್ತಿದ ಇಲಿಗಳಲ್ಲಿ ಆತಂಕ ಹೆಚ್ಚುತ್ತದೆ, ಬೊಗಸೆಯಲ್ಲಿಯೋ ಕೊಳವೆಯಲ್ಲಿಯೋ ಎತ್ತಿದವುಗಳಲ್ಲಿ ಅದು ಕಡಿಮೆ ಇರುತ್ತದೆ ಎಂಬುದನ್ನು ಸಂಶೋಧಕರಾದ ಹರ್ಸ್ಟ್ ಮತ್ತು ವೆಸ್ಟ್ 2010ರಲ್ಲೇ ತೋರಿಸಿದ್ದಾರೆ. ಇದರ ಮಹತ್ವ ಮನವರಿಕೆಯಾಗುವುದು ಆತಂಕ ಅಳೆಯುವ, ಕೂಡಿಸುವ ಚಿಹ್ನೆಯ (+) ಆಕಾರದ ಜಟಿಲದಾರಿಯಾದ ಎತ್ತರಿಸಿದ ಪ್ಲಸ್ ಮೇಜ್‌ನಲ್ಲಿ. ನೆಲದಿಂದ ಸುಮಾರು ಅರ್ಧ ಮೀಟರ್ ಎತ್ತರದಲ್ಲಿರುವ ಆ ಉಪಕರಣದ ನಾಲ್ಕು ತೋಳುಗಳಲ್ಲಿ ಎರಡಕ್ಕೆ ಮಾತ್ರ ಗೋಡೆಗಳಿರುತ್ತವೆ. ಅಂಜಿದ ಇಲಿ ಸಾಮಾನ್ಯವಾಗಿ ಐದು ನಿಮಿಷಗಳ ಪರೀಕ್ಷೆಯ ಹೆಚ್ಚಿನ ಕಾಲವನ್ನು ಗೋಡೆಯ ಮರೆಯಲ್ಲೇ ಕಳೆಯುತ್ತದೆ. ಇಲಿಗೆ ಔಷಧ ಕೊಟ್ಟು ಪರೀಕ್ಷಿಸುವಾಗ, ಅದರ ಪರಿಣಾಮವೆಂದು ನಾವು ಬರೆದುಕೊಳ್ಳುವುದು ಎತ್ತಿದ ಕೈ ಹುಟ್ಟಿಸಿದ ಅಂಜಿಕೆಯೂ ಆಗಿರಬಹುದಲ್ಲವೇ? ಒಂದೇ ತಳಿಗಳು, ಒಂದೇ ಬಗೆಯ ಉಪಕರಣಗಳಿದ್ದರೂ ಮೂರು ಪ್ರಯೋಗಾಲಯಗಳ ಫಲಿತಾಂಶಗಳು ಬೇರೆಬೇರೆಯಾಗಿ ಬಂದ 1999ರ ಕ್ರ್ಯಾಬ್ ಮತ್ತು ಸಂಗಡಿಗರ ಅಧ್ಯಯನವನ್ನು ತರಬೇತುದಾರರು ಇಲ್ಲಿ ಎತ್ತಿಕೊಂಡದ್ದು ಬಹಳ ಸೂಕ್ತವಾಗಿತ್ತು. ಪರೀಕ್ಷೆಗೆ ಮುನ್ನ ಪ್ರಾಣಿಗಳನ್ನು ಕೋಣೆಗೆ ಒಗ್ಗಿಸುವುದು, ಪ್ರತಿ ಇಲಿಯ ನಂತರ ಉಪಕರಣವನ್ನು ಒರೆಸಿ ಹಿಂದಿನದರ ವಾಸನೆ ಕಳೆಯುವುದು, ಯಾವ ಇಲಿಗೆ ಯಾವ ಔಷಧ ಸಿಕ್ಕಿದೆಯೆಂದು ಗಮನಿಸುವವರಿಗೆ ತಿಳಿಯದಂತೆ ನೋಡಿಕೊಳ್ಳುವುದು, ಇವೆಲ್ಲವನ್ನೂ ನಮ್ಮಿಂದಲೇ ಮಾಡಿಸಿದರು.

ತರಬೇತಿಗೆ ಪ್ರಾಣಿಗಳನ್ನು ಬಳಸಲು ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯಿಂದ ಪಡೆದಿದ್ದ ಅನುಮತಿಯನ್ನು ಆರಂಭದಲ್ಲೇ ತೋರಿಸಿದ್ದು ನನಗೆ ವಿಶ್ವಾಸ ತಂದಿತು.

ಕೊರತೆಗಳೂ ಇದ್ದವು. ನರವಿಜ್ಞಾನಿ ರಿಚರ್ಡ್ ಮಾರಿಸ್ 1981ರಲ್ಲಿ ಪರಿಚಯಿಸಿದ, ಕಲಿಕೆ ಮತ್ತು ನೆನಪನ್ನು ಅಳೆಯುವ ನೀರಿನ ಮೇಜ್‌ನಲ್ಲಿ, ನೀರಿನಡಿ ಅಡಗಿರುವ ವೇದಿಕೆಯನ್ನು ಇಲಿ ಸುತ್ತಲಿನ ಗುರುತುಗಳ ನೆರವಿನಿಂದ ಹುಡುಕಬೇಕು. ಅದನ್ನು ಪ್ರದರ್ಶನವಾಗಿಯಷ್ಟೇ ತೋರಿಸಿದರು. ಇಲಿಯನ್ನು ನೀರಿಗೆ ಇಳಿಸುವ, ಹೊರತೆಗೆದು ಒರೆಸಿ ಬೆಚ್ಚಗಿಡುವ ಅಭ್ಯಾಸ ನಮಗೆ ದೊರೆಯಲಿಲ್ಲ. ಅದೇ ಹೊತ್ತಿನಲ್ಲಿ, ಚಲನೆಯನ್ನು ದಾಖಲಿಸುವ ತಂತ್ರಾಂಶದ ಪ್ರತಿಯೊಂದು ಗುಂಡಿಯ ವಿವರಣೆಗೆ ಅಗತ್ಯಕ್ಕಿಂತ ಹೆಚ್ಚು ಸಮಯ ಹೋಯಿತು. ಸಂಖ್ಯಾಶಾಸ್ತ್ರದ ಪಾಠವಂತೂ ತೀರಾ ಅವಸರದ್ದು. ಒಂದೇ ಸೂಲಿನ ಮರಿಗಳನ್ನು ಪರಸ್ಪರ ಸಂಬಂಧವಿಲ್ಲದ ಮಾದರಿಗಳೆಂದು ಎಣಿಸಿದರೆ ಲೆಕ್ಕ ಹೇಗೆ ದಾರಿತಪ್ಪುತ್ತದೆ ಎಂಬುದನ್ನು ನಿಜವಾದ ದತ್ತಾಂಶದ ಮೇಲೆ ಮಾಡಿಸಬೇಕಿತ್ತು.

ಪ್ರಾಣಿಗಳೊಂದಿಗೆ ಈಗಷ್ಟೇ ಕೆಲಸ ಆರಂಭಿಸುತ್ತಿರುವ ಪಿಎಚ್.ಡಿ. ವಿದ್ಯಾರ್ಥಿಗಳು ಇದಕ್ಕೆ ಖಂಡಿತ ಸೇರಬಹುದು. ನೀರಿನ ಮೇಜ್‌ಗಾಗಿಯೇ ಹೋಗುವವರು ಮಾತ್ರ ಅದನ್ನು ಸ್ವತಃ ಮಾಡಲು ಅವಕಾಶವಿದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಿಕೊಳ್ಳುವುದು ಒಳಿತು.