ಬಿಎಸ್‌ಎನ್‌ಎಲ್ 4ಜಿ ಸಿಮ್: ಟವರ್ ಫುಲ್ ಇದ್ದರೂ ನೆಟ್ ಬರದಿದ್ದರೆ

ಬಿಎಸ್‌ಎನ್‌ಎಲ್ 4ಜಿ ಸಿಮ್ ಕೊಳ್ಳುವವರು ಪ್ಲಾನಿನ ದರ ಆಮೇಲೆ ನೋಡಲಿ, ಮೊದಲು ತಮ್ಮ ಫೋನಿನ ಬ್ಯಾಂಡ್ ಪಟ್ಟಿ, ಅಂದರೆ ಫೋನು ಹಿಡಿಯಬಲ್ಲ ತರಂಗಗಳ ಪಟ್ಟಿ, ನೋಡಲಿ. ಈ ಜಾಲ ಮುಖ್ಯವಾಗಿ ನಡೆಯುವುದು 700 ಮೆಗಾಹರ್ಟ್ಸ್ (ಬ್ಯಾಂಡ್ 28) ಮತ್ತು 2100 ಮೆಗಾಹರ್ಟ್ಸ್‌ನಲ್ಲಿ (ಬ್ಯಾಂಡ್ 1). ಹಳೆಯ ಅಗ್ಗದ ಫೋನ್‌ಗಳಲ್ಲಿ ಕೆಲವಕ್ಕೆ ಬ್ಯಾಂಡ್ 3, 5, 40 ಮಾತ್ರ ಇರುತ್ತವೆ. ಅವುಗಳಲ್ಲಿ ಜಿಯೋ ಚೆನ್ನಾಗಿ ಓಡುತ್ತದೆ. ಬಿಎಸ್‌ಎನ್‌ಎಲ್ ಹಾಕಿದರೆ 2ಜಿ ಅಥವಾ 3ಜಿಗೇ ನಿಲ್ಲುತ್ತದೆ, ಎಷ್ಟು ಸೆಟ್ಟಿಂಗ್ ತಿರುವಿದರೂ ಅಷ್ಟೇ. ಇನ್ನೊಂದು ಮೋಸ ಹೋಗುವ ಜಾಗ: ಫೋನಿನ ವಿವರದಲ್ಲಿ ‘ಎನ್28’ ಎಂದಿದ್ದರೆ ಅದು 5ಜಿಯದು. ನಮಗೆ ಬೇಕಾದ್ದು 4ಜಿ ಸಾಲಿನಲ್ಲಿರುವ 28. 700ರ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಮಲೆನಾಡಿನ ಮನೆಯೊಳಗೆ ನೆಟ್ ಬೇಕೆನ್ನುವವರು ಈ ಬ್ಯಾಂಡ್ ಇಲ್ಲದ ಫೋನಿಗೆ ಈ ಸಿಮ್ ಹಾಕಿ ಪ್ರಯೋಜನವಿಲ್ಲ.

ಸಿಮ್ ಪಡೆಯುವ ಕೆಲಸ ಸುಲಭ. ಆಧಾರ್ ಕೆವೈಸಿ ಮುಗಿದು ಟವರ್ ಕಾಣಿಸಿದ ಮೇಲೆ ಅದೇ ಸಿಮ್‌ನಿಂದ 1507ಕ್ಕೆ ಕರೆ ಮಾಡಿ ಟೆಲಿ ವೆರಿಫಿಕೇಶನ್ ಮುಗಿಸಬೇಕು. ಇದನ್ನು ಬಿಟ್ಟವರೇ ‘ಸಿಗ್ನಲ್ ಇದೆ, ಏನೂ ಆಗ್ತಿಲ್ಲ’ ಎನ್ನುವುದು. ಆಮೇಲೆ *123# ಒತ್ತಿ ಬ್ಯಾಲೆನ್ಸ್ ನೋಡಿ, ಡೇಟಾ ಪ್ಯಾಕ್ ನಿಜವಾಗಿ ಕೂತಿದೆಯೇ ಎಂದೂ ಖಚಿತಪಡಿಸಿಕೊಳ್ಳಿ.

ಇನ್ನು ಎಪಿಎನ್, ಅಂದರೆ ಫೋನು ಕಂಪನಿಯ ಜಾಲದ ಮೂಲಕ ಇಂಟರ್ನೆಟ್‌ಗೆ ಹೋಗುವ ಬಾಗಿಲಿನ ಹೆಸರು (ಆಕ್ಸೆಸ್ ಪಾಯಿಂಟ್ ನೇಮ್). ಜಿಯೋ, ಏರ್‌ಟೆಲ್ ಸಿಮ್ ಹಾಕಿದರೆ ಬಹುತೇಕ ಫೋನ್‌ಗಳು ಇದನ್ನು ತಾವೇ ತುಂಬಿಕೊಳ್ಳುತ್ತವೆ. ಬಿಎಸ್‌ಎನ್‌ಎಲ್‌ಗೆ ಕೆಲವು ಫೋನ್‌ಗಳಲ್ಲಿ ಪಟ್ಟಿ ಖಾಲಿ ಇರುತ್ತದೆ, ಇಲ್ಲವೇ ಹಳೆಯ ಹೆಸರು ಉಳಿದಿರುತ್ತದೆ. ಸಿಮ್ ಜೊತೆ ಒಂದು ಸಣ್ಣ ಚೀಟಿಯಲ್ಲಿ ಇದನ್ನು ಅಚ್ಚು ಹಾಕಿ ಕೊಟ್ಟರೆ ಅರ್ಧ ದೂರು ಅಂಗಡಿಯಲ್ಲೇ ಮುಗಿಯುತ್ತಿತ್ತು.

ಸ್ಯಾಮ್‌ಸಂಗ್‌ನಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ಮೊಬೈಲ್ ನೆಟ್‌ವರ್ಕ್ಸ್, ಆಕ್ಸೆಸ್ ಪಾಯಿಂಟ್ ನೇಮ್ಸ್ ಎಂಬ ದಾರಿ. ಮೋಟೊರೋಲ, ಪಿಕ್ಸೆಲ್‌ಗಳಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್ ಒಳಗೆ ಸಿಮ್ಸ್ ತೆರೆದು, ಆ ಸಿಮ್ ಒತ್ತಿ ಕೆಳಗೆ ಇಳಿಯಬೇಕು. ಎರಡು ಸಿಮ್ ಇದ್ದರೆ ಮೇಲೆ ಎರಡು ಟ್ಯಾಬ್ ಕಾಣಬಹುದು. ಪಕ್ಕದ ಸಿಮ್‌ನ ಪಟ್ಟಿ ತಿದ್ದಿ ಕೂರಬೇಡಿ. ಹೊಸದನ್ನು ಸೇರಿಸಿ, ಹೆಸರಿನ ಜಾಗದಲ್ಲಿ ಏನಾದರೂ ಬರೆಯಿರಿ. ಎಪಿಎನ್ ಜಾಗದಲ್ಲಿ ಮಾತ್ರ ಇಂಗ್ಲಿಷ್ ಸಣ್ಣಕ್ಷರದಲ್ಲಿ ಬಿ, ಎಸ್, ಎನ್, ಎಲ್, ಎನ್, ಇ, ಟಿ ಎಂಬ ಏಳು ಅಕ್ಷರ, ನಡುವೆ ಜಾಗವಿಲ್ಲದೆ. ಕೀಬೋರ್ಡಿನ ಸಲಹೆ ಒತ್ತಿದರೆ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಸೇರಿಕೊಳ್ಳಬಹುದು, ಅಷ್ಟಕ್ಕೇ ನೆಟ್ ಬರುವುದಿಲ್ಲ. ಪ್ರಾಕ್ಸಿ, ಪೋರ್ಟ್, ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಇರಲಿ. ಎಪಿಎನ್ ಟೈಪ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ‘ಡಿಫಾಲ್ಟ್’ (default), ಅಲ್ಪವಿರಾಮ, ‘ಎಸ್‌ಯುಪಿಎಲ್’ (supl), ಪ್ರೋಟೋಕಾಲ್ ಐಪಿವಿ4/ಐಪಿವಿ6. ಎಂಸಿಸಿ, ಎಂಎನ್‌ಸಿ ಅಂಕಿಗಳನ್ನು ಮುಟ್ಟಲೇಬೇಡಿ. ಅವು ಸಿಮ್ ಯಾವ ದೇಶದ, ಯಾವ ಕಂಪನಿಯದು ಎಂಬ ಗುರುತು. ಬದಲಾಯಿಸಿದರೆ ನೀವು ಉಳಿಸಿದ ಎಪಿಎನ್ ಪಟ್ಟಿಯಿಂದಲೇ ಮಾಯವಾಗುತ್ತದೆ.

ಮೇಲಿನ ಮೂರು ಚುಕ್ಕಿ ಒತ್ತಿ ಸೇವ್ ಕೊಡಬೇಕು. ಬ್ಯಾಕ್ ಒತ್ತಿ ಹೊರಬಂದರೆ ಹಲವು ಫೋನ್‌ಗಳಲ್ಲಿ ಬರೆದದ್ದೆಲ್ಲ ಹೋಗುತ್ತದೆ. ಸೇವ್ ಆದ ಮೇಲೂ ಹೆಸರಿನ ಪಕ್ಕದ ದುಂಡು ಗುರುತನ್ನು ಒತ್ತಿ ಆರಿಸಿ, ಅರ್ಧ ನಿಮಿಷ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ.

ಇಷ್ಟಾದರೂ ನೆಟ್ ಬರದಿದ್ದರೆ ಡೇಟಾ ಈ ಸಿಮ್‌ಗೇ ಹೊಂದಿಸಿದೆಯೇ ನೋಡಿ. ಸಿಗ್ನಲ್ ಗೆರೆಯ ಬಳಿ ಆರ್ ಅಕ್ಷರ ಕಂಡರೆ ಡೇಟಾ ರೋಮಿಂಗ್ ಆನ್ ಮಾಡದೆ ನೆಟ್ ಬರದು. 4ಜಿ ಗುರುತು ಇದ್ದೂ ಪುಟ ತೆರೆಯದಿದ್ದರೆ ಹಿಂದೆಂದೋ ಹಾಕಿದ ಪ್ರೈವೇಟ್ ಡಿಎನ್‌ಎಸ್ ಅಥವಾ ವಿಪಿಎನ್ ಕಾರಣವಿರಬಹುದು. ನೆಟ್ ಬಂದು ಹಾಟ್‌ಸ್ಪಾಟ್ ಮಾತ್ರ ಓಡದಿದ್ದರೆ ಎಪಿಎನ್ ಟೈಪ್‌ಗೆ ಇನ್ನೊಂದು ಅಲ್ಪವಿರಾಮ ಹಾಕಿ ‘ಡಿಯುಎನ್’ (dun) ಸೇರಿಸಿ.

ಕರೆ ಬಂದ ಕೂಡಲೇ ನೆಟ್ ನಿಂತರೆ ಹಾಳಾಗಿರುವುದು ಡೇಟಾ ಅಲ್ಲ. ವೋಲ್ಟಿ (4ಜಿಯಲ್ಲೇ ಕರೆ ನಡೆಸುವ ವ್ಯವಸ್ಥೆ) ಇಲ್ಲದಿದ್ದರೆ ಕರೆಗಾಗಿ ಫೋನು 2ಜಿಗೋ 3ಜಿಗೋ ಇಳಿಯುತ್ತದೆ. ಇಂಗ್ಲಿಷಿನಲ್ಲಿ ಎ, ಸಿ, ಟಿ, ವಿ, ಓ, ಎಲ್, ಟಿ, ಇ ಎಂದು ಒಟ್ಟಾಗಿ ಬರೆದು 53733ಕ್ಕೆ ಎಸ್‌ಎಂಎಸ್ ಕಳಿಸಿ, ಬಳಿಕ ಫೋನಿನಲ್ಲೂ ವೋಲ್ಟಿ ಆನ್ ಮಾಡಿ. ಅದು ಆಗುವ ಮೊದಲು ಯೂಟ್ಯೂಬ್ ಸಲಹೆ ಕೇಳಿ ‘ಎಲ್‌ಟಿಇ ಓನ್ಲಿ’ (4ಜಿ ಮಾತ್ರ) ಹಾಕಿದರೆ ಯಾರ ಕರೆಯೂ ಬರುವುದಿಲ್ಲ.

ಬೆಂಗಳೂರಿನಲ್ಲಿ 5ಜಿ ರುಚಿ ನೋಡಿದವರಿಗೆ ಇದನ್ನು ಮೊದಲ ಸಿಮ್ ಆಗಿ ಹೇಳಲಾರೆವು. ಊರಿನಲ್ಲಿ ಬಿಎಸ್‌ಎನ್‌ಎಲ್ ಟವರೊಂದೇ ಹತ್ತಿರವಿರುವವರಿಗೆ, ಬ್ಯಾಂಡ್ 28ರ ಫೋನ್ ಇದ್ದರೆ, ಧೈರ್ಯವಾಗಿ ತಗೊಳ್ಳಿ. ಕೊನೆಗೂ ಡೇಟಾ ಬರದಿದ್ದರೆ ಅದೇ ಸಿಮ್ಮನ್ನು ಇನ್ನೊಂದು ಫೋನಿಗೆ ಹಾಕಿ ನೋಡಿ. ಅಲ್ಲೂ ಬರದಿದ್ದರೆ ಮಾತ್ರ 1503ಕ್ಕೆ ಕರೆ ಮಾಡಿ, ಎರಡು ಫೋನಿನಲ್ಲಿ ನೋಡಿದ್ದೇವೆ ಎಂದು ಮೊದಲೇ ಹೇಳಿಬಿಡಿ.