ಸಂಬಳದಿಂದ ತಂಗಿಯ ಜರ್ಮನಿ ಖಾತೆಗೆ: ಮಂಡ್ಯದಿಂದ ಹದಿನೆಂಟು ಕಂತು ಕಳಿಸಿದ ಮೇಲೆ

ತಂಗಿ ಜರ್ಮನಿಯ ಆಖೆನ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಅವಳ ಕೋರ್ಸಿಗೆ ಬೋಧನಾ ಶುಲ್ಕ ಇಲ್ಲ. ಖರ್ಚೆಲ್ಲ ಬಾಡಿಗೆ, ಆರೋಗ್ಯ ವಿಮೆ, ಊಟದ್ದೇ. 2023ರಲ್ಲಿ ವೀಸಾಗೆಂದು ಎಜುಕೇಷನ್ ಲೋನಿನಿಂದ 11,208 ಯೂರೋ ಬ್ಲಾಕ್ಡ್ ಅಕೌಂಟಿಗೆ (ಮೊದಲೇ ದುಡ್ಡು ಕಟ್ಟಿಟ್ಟು ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆ) ಕಟ್ಟಿದ್ದೆವು. ಅದರಿಂದ ತಿಂಗಳಿಗೆ 934 ಯೂರೋ ಅವಳ ಕೈಗೆ ಬರುತ್ತಿತ್ತು. 2024ರ ಸೆಪ್ಟೆಂಬರಿಗೆ ಅದು ಮುಗಿಯಿತು. ಈಗ ಅವಳು ಲ್ಯಾಬಿನಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತಾಳೆ, ಸಾಲದೆ ಬರುವ 400 ಯೂರೋ ನನ್ನ ಸಂಬಳದಿಂದ ಹೋಗುತ್ತದೆ. ಅಪ್ಪನಿಗೆ ಎರಡೆಕರೆ ಕಬ್ಬಿದೆ, ಆದರೆ ಕಬ್ಬಿನ ಬಟವಾಡೆ ಯಾವ ತಿಂಗಳು ಕೈಸೇರುತ್ತದೆಂದು ಹೇಳಲಾಗದು. ಜರ್ಮನಿಯಲ್ಲಿ ಬಾಡಿಗೆ ತಿಂಗಳ ಮೂರನೇ ಕೆಲಸದ ದಿನದೊಳಗೆ ಕಟ್ಟಬೇಕು. ಹಾಗಾಗಿ ತಿಂಗಳ ಸಂಬಳ ಬರುವ ನನ್ನ ಮೇಲೆಯೇ ಈ ಜವಾಬ್ದಾರಿ ಬಿತ್ತು.

ಮೊದಲ ಆರು ಕಂತನ್ನು ಸಂಬಳ ಬರುವ ಬ್ಯಾಂಕಿನ ಮಂಡ್ಯ ಶಾಖೆಯಿಂದಲೇ ಕಳಿಸಿದೆ. ವಿದೇಶಕ್ಕೆ ಹಣ ಕಳಿಸಲು ಕೊಡುವ ಎ2 ಅರ್ಜಿ, ಪ್ಯಾನ್, ಅವಳ ಅಡ್ಮಿಷನ್ ಪತ್ರ, ಪಾಸ್‌ಪೋರ್ಟ್ ಪ್ರತಿ ಕೊಟ್ಟರೆ ಕಡತ ಬೆಂಗಳೂರಿನ ವಿದೇಶಿ ವಿನಿಮಯ ವಿಭಾಗಕ್ಕೆ ಹೋಗಿ ಅಲ್ಲಿಂದ ಹಣ ಹೊರಡುತ್ತಿತ್ತು. ಶಾಖೆಯವರು ಒಳ್ಳೆಯವರು, ಕೂರಿಸಿ ಮಾತಾಡಿಸಿ ಕೆಲಸ ಮಾಡಿಕೊಡುತ್ತಿದ್ದರು. ಆದರೆ ಮೊದಲ ಸಲವೇ ತಂಗಿ ಫೋನು ಮಾಡಿ, "ಅಣ್ಣ, ನೀನು 400 ಅಂದೆ, ಬಂದಿರೋದು 385" ಅಂದಳು.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಮಾರುಕಟ್ಟೆಯಲ್ಲಿ ಯೂರೋ 93 ರೂಪಾಯಿ ಆಸುಪಾಸಿನಲ್ಲಿತ್ತು. ಬ್ಯಾಂಕು ನನಗೆ ಮಾರಿದ್ದು 95ಕ್ಕೆ. ಅಲ್ಲಿಗೆ 38,000. ಸೇವಾ ಶುಲ್ಕ 500, ಅದರ ಜಿಎಸ್‌ಟಿ 90. ಕರೆನ್ಸಿ ಬದಲಾವಣೆಗೆ ಬೇರೆ ಜಿಎಸ್‌ಟಿ ಉಂಟು: ಒಂದು ಲಕ್ಷದವರೆಗಿನ ಮೊತ್ತದಲ್ಲಿ ಶೇ. 1ರಷ್ಟನ್ನು ಸೇವೆಯ ಬೆಲೆ ಎಂದು ಹಿಡಿದು ಅದಕ್ಕೆ ಶೇ. 18 ಹಾಕುತ್ತಾರೆ. ಅದು 68 ರೂಪಾಯಿ. ಒಟ್ಟು 38,658 ಹೋಗಿ 385 ಯೂರೋ ತಲುಪಿದೆ. ಅಂದರೆ ತಂಗಿಯ ಕೈಸೇರಿದ ಒಂದೊಂದು ಯೂರೋಗೆ ನಾನು ಕೊಟ್ಟದ್ದು 100 ರೂಪಾಯಿ 40 ಪೈಸೆ. ಶುಲ್ಕದ ಪಟ್ಟಿಯಲ್ಲಿ ಕಾಣುವುದು 500 ಮಾತ್ರ. ಆ ಪಟ್ಟಿ ನೋಡಿ ಸೇವೆ ಆರಿಸಬೇಡಿ. ನಮ್ಮ ಖಾತೆಯಿಂದ ಎಷ್ಟು ರೂಪಾಯಿ ಹೋಯಿತು, ಅಲ್ಲಿ ಎಷ್ಟು ಯೂರೋ ಬಿತ್ತು, ಇವೆರಡನ್ನೇ ಭಾಗಿಸಿ ನೋಡಿ.

ಆ 15 ಯೂರೋ ಹೋಗಿದ್ದು ಮಧ್ಯದ ಬ್ಯಾಂಕಿಗೆ. ಸ್ವಿಫ್ಟ್ ಎಂಬ ಬ್ಯಾಂಕುಗಳ ಅಂತರರಾಷ್ಟ್ರೀಯ ಜಾಲದ ಮೂಲಕ ಹೋಗುವ ಹಣ ನೇರವಾಗಿ ತಲುಪದೆ ಇನ್ನೊಂದು ಬ್ಯಾಂಕನ್ನು ಹಾಯ್ದರೆ ಅವರೂ ಪಾಲು ಮುರಿದುಕೊಳ್ಳುತ್ತಾರೆ. ಅರ್ಜಿಯಲ್ಲಿ ಚಾರ್ಜು ಕಳಿಸುವವರದೋ, ಪಡೆಯುವವರದೋ, ಹಂಚಿಕೆಯೋ ಎಂದು ಕೇಳುವ ಕಾಲಂ ಇದೆ. ನಾನು ಅದನ್ನು ನೋಡದೆ ಸಹಿ ಹಾಕಿದ್ದೆ. ಎರಡನೇ ತಿಂಗಳು ಅರ್ಜಿಯಲ್ಲಿ ಯೂರೋ ಬದಲು ಡಾಲರ್ ಎಂದು ಟೈಪಾಗಿ, ಇಲ್ಲಿ ರೂಪಾಯಿ ಡಾಲರಾಗಿ, ಅಲ್ಲಿ ಡಾಲರ್ ಯೂರೋ ಆಗಿ ಎರಡು ಸಲ ಕತ್ತರಿ ಬಿತ್ತು. ಆ ತಿಂಗಳು ತಂಗಿ ಗೆಳತಿಯ ಹತ್ತಿರ ಕೈಸಾಲ ಮಾಡಬೇಕಾಯಿತು. ಅದು ನನಗೆ ಇವತ್ತಿಗೂ ಸಂಕಟವೇ.

2025ರ ಫೆಬ್ರವರಿಯಲ್ಲಿ ಒಂದೇ ದಿನ, ಒಂದೇ ಹೊತ್ತಿಗೆ ಶಾಖೆಯ ದರವನ್ನೂ ಒಂದು ಆನ್‌ಲೈನ್ ಸೇವೆಯ ದರವನ್ನೂ ಪಕ್ಕಪಕ್ಕ ಇಟ್ಟೆ. ಶಾಖೆಯದು ಮಾರುಕಟ್ಟೆಗಿಂತ 2 ರೂಪಾಯಿ 10 ಪೈಸೆ ಹೆಚ್ಚು, ಆನ್‌ಲೈನಿನದು 70 ಪೈಸೆ. ಆನ್‌ಲೈನಿನ ಶುಲ್ಕ ಜಿಎಸ್‌ಟಿ ಸೇರಿ 236. ಪೂರ್ತಿ 400 ತಲುಪುತ್ತದೆಂಬ ಭರವಸೆ ಬೇರೆ. ದರದ ವ್ಯತ್ಯಾಸ, ಶುಲ್ಕದ ವ್ಯತ್ಯಾಸ, ಮಧ್ಯದಲ್ಲಿ ಹೋಗುತ್ತಿದ್ದ 15 ಯೂರೋ ಕೂಡಿಸಿದರೆ ತಿಂಗಳಿಗೆ ಸುಮಾರು 2,260 ರೂಪಾಯಿ ಉಳಿತಾಯ. ಮಾರ್ಚಿನಿಂದ ಅದರಲ್ಲೇ ಕಳಿಸುತ್ತಿದ್ದೇನೆ. ಹನ್ನೆರಡು ಕಂತಿನಲ್ಲಿ ಒಂದು ಯೂರೋ ಕೂಡ ಕಡಿಮೆ ಬಿದ್ದಿಲ್ಲ. ಇದೂ ಆರ್‌ಬಿಐ ಪರವಾನಗಿ ಇರುವ ಬ್ಯಾಂಕಿನ ಮೂಲಕವೇ ಹೋಗುತ್ತದೆ, ಇದಕ್ಕೂ ವೈಯಕ್ತಿಕವಾಗಿ ವಿದೇಶಕ್ಕೆ ಹಣ ಕಳಿಸುವವರಿಗಿರುವ ಆರ್‌ಬಿಐನ ಎಲ್‌ಆರ್‌ಎಸ್ ನಿಯಮವೇ: ಒಬ್ಬರಿಗೆ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್ ಮಿತಿ. ನನ್ನಂಥವರು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೆದರಿಸಿದ್ದು ತೆರಿಗೆಯ ಬಗ್ಗೆ. "ಹೊರಗೆ ಕಳ್ಸಿದ್ರೆ ನೂರಕ್ಕೆ ಇಪ್ಪತ್ತು ಹಿಡ್ಕೋತಾರೆ ಸಾರ್" ಅಂದರು. ಹಾಗಿಲ್ಲ. ಹಣ ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆಯಾದ ಟಿಸಿಎಸ್‌ನ ಮಿತಿ ಮೊದಲು ವರ್ಷಕ್ಕೆ 7 ಲಕ್ಷ ಇತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ. ಅದನ್ನು ದಾಟಿದ ಭಾಗಕ್ಕೆ ಮಾತ್ರ, 2025-26ರ ಆರ್ಥಿಕ ವರ್ಷದಲ್ಲಿ, ಓದು ಮತ್ತು ಚಿಕಿತ್ಸೆಗೆ ಶೇ. 5, ಉಳಿದ ಹೆಚ್ಚಿನವಕ್ಕೆ ಶೇ. 20 ಇತ್ತು. ನನ್ನದು ವರ್ಷಕ್ಕೆ ಐದು ಲಕ್ಷದ ಆಚೀಚೆ, ಒಂದು ಪೈಸೆಯೂ ಕತ್ತರಿಸಿಲ್ಲ. ಕತ್ತರಿಸಿದರೂ ಅದು ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ನಮ್ಮ ಹೆಸರಲ್ಲೇ ಇರುತ್ತದೆ, ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು. ಸಂಬಳದಾರರಾದರೆ ಅದಕ್ಕೆಂದೇ ಇರುವ ನಮೂನೆ (ಬಂದಾಗ ಅದರ ಹೆಸರು 12ಬಿಎಎ) ತುಂಬಿ ಕಚೇರಿಗೆ ಕೊಟ್ಟು, ಸಂಬಳದ ಟಿಡಿಎಸ್‌ನಲ್ಲೇ ಅಷ್ಟು ಇಳಿಸಿಕೊಳ್ಳಬಹುದು. 2024ರ ಅಕ್ಟೋಬರಿನಲ್ಲಿ ಬಂದ ಈ ಸೌಲಭ್ಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹಣ ಯಾಕೆ ಹೋಗುತ್ತಿದೆ ಎಂದು ಅರ್ಜಿಯಲ್ಲಿ ತಿಳಿಸುವ ಉದ್ದೇಶದ ಕೋಡ್ ಮಾತ್ರ ಸರಿಯಾಗಿ ಹಾಕಿ. ಓದಿನ ಖರ್ಚಿಗೆ ನಾನು ಹಾಕುವುದು ಎಸ್0305.

ಖಾತೆ ತಂಗಿಯ ಹೆಸರಲ್ಲಿ ಇರುವುದರಿಂದ ನನ್ನ ರಿಟರ್ನ್ಸ್‌ನಲ್ಲಿ ಅದನ್ನು ತೋರಿಸಬೇಕಿಲ್ಲ. ಇಲ್ಲಿದ್ದುಕೊಂಡು ನಿಮ್ಮದೇ ಹೆಸರಿನ ವಿದೇಶಿ ಖಾತೆಗೆ ಕಳಿಸುವವರಾದರೆ ಐಟಿಆರ್-1 ಸಾಲದು. ಐಟಿಆರ್-2ರಲ್ಲಿ ವಿದೇಶಿ ಆಸ್ತಿಗೆಂದೇ ಇರುವ ಷೆಡ್ಯೂಲ್ ಎಫ್‌ಎನಲ್ಲಿ ಆ ಖಾತೆಯನ್ನು ತೋರಿಸಲೇಬೇಕು, ಬಡ್ಡಿ ಬಾರದಿದ್ದರೂ.

ಆನ್‌ಲೈನ್ ಸೇವೆಯಲ್ಲಿ ತೊಂದರೆಯಾದದ್ದು ಒಮ್ಮೆ, 2025ರ ಮೇನಲ್ಲಿ. 1ನೇ ತಾರೀಖು ಗುರುವಾರ, ಕರ್ನಾಟಕದಲ್ಲೂ ಜರ್ಮನಿಯಲ್ಲೂ ಕಾರ್ಮಿಕರ ದಿನದ ರಜೆ. ನಾನು ಶುಕ್ರವಾರ ಕಳಿಸಿದ್ದು ಮಂಗಳವಾರ ತಲುಪಿತು. ಮನೆ ಮಾಲೀಕರಿಗೆ ಅವಳು ಮುಂಚೆಯೇ ಹೇಳಿದ್ದಕ್ಕೆ ಬಚಾವಾದಳು. ಆಮೇಲೆ 27ನೇ ತಾರೀಖೇ ಕಳಿಸುವ ರೂಢಿ ಮಾಡಿಕೊಂಡೆ, ಹಿಂದಿನ ತಿಂಗಳ ಸಂಬಳದಲ್ಲಿ ತೆಗೆದಿಟ್ಟು. ಇದಕ್ಕೆ ಒಂದು ತಿಂಗಳು ಮನೆಯಲ್ಲಿ ಬಿಗಿ ಹಿಡಿಯಬೇಕಾಯಿತು. ದರದ ಏರಿಕೆಗೆ ಮಾತ್ರ ಯಾವ ಸೇವೆಯೂ ಮದ್ದಲ್ಲ: 2025ರ ಕೊನೆಗೆ ಯೂರೋ 105 ಮುಟ್ಟಿತು, ಅದೇ 400ಕ್ಕೆ ಆಗ 42,000 ದಾಟಿತು.

ಈ ಆನ್‌ಲೈನ್ ಸೇವೆಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದನ್ನು ಹಿಡಿದದ್ದು ಅಪ್ಪನಿಗಾಗಿ. ಈ ಸಂಕ್ರಾಂತಿ ಹೊತ್ತಿಗೆ ಬಟವಾಡೆ ಬಂದಾಗ, "ಈ ಸಲ ಮಗೀಗೆ ನಾನೇ ಕಳಿಸ್ತೀನಿ ಕಣ್ಲಾ" ಎಂದು ಪ್ಯಾನ್ ಕಾರ್ಡ್ ಹಿಡಿದು ಬಂದರು. ಅರ್ಜಿಯಲ್ಲಿ, ಆ್ಯಪಿನಲ್ಲಿ, ಘೋಷಣೆಯಲ್ಲಿ ಒಂದು ಸಾಲೂ ಕನ್ನಡ ಇಲ್ಲ. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಮನುಷ್ಯ, ತನ್ನದೇ ದುಡ್ಡಿನ ಕಾಗದ ಓದಲಾಗದೆ, ನಾನು ಬೆರಳಿಟ್ಟ ಕಡೆ ಸಹಿ ಹಾಕಿದರು. ಕನ್ನಡದಲ್ಲಿ ಕೊಡಿ ಎಂದು ಆ ಸೇವೆಯವರಿಗೆ ಎರಡು ಸಲ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲೇ ಸೇರಿಸುತ್ತೇನೆ.