ಮೊದಲು ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ: ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್‌ಗೆ ಏನೇನು ಹಾಕಿ ನೋಡಿದೆ

ಹೊಸ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ತಗೊಳ್ಳುವವರಿಗೆ ನಾನು ಹೇಳುವುದು ಇಷ್ಟೇ. ದುಡ್ಡು ಮೊದಲು ರ‍್ಯಾಮ್‌ಗೆ ಹಾಕಿ, ಎಸ್‌ಎಸ್‌ಡಿಗೆ ಆಮೇಲೆ. ಎಸ್‌ಎಸ್‌ಡಿ ಕೊಳ್ಳುವಾಗ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದ ಸ್ಪೀಡ್ ಬಿಟ್ಟು ಒಳಗಿನ ಚಿಪ್ ಯಾವ ಜಾತಿಯದು ಅಂತ ಕೇಳಿ. ಹುಬ್ಬಳ್ಳಿಯಲ್ಲಿ ಡ್ರೋನ್ ಸರ್ವೆ ಕೆಲಸ ಮಾಡುತ್ತೇನೆ. ಒಂದೇ ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ಜೋಡಿ ಹಾಕಿ, ಅದೇ ಫೋಟೊಗಳನ್ನು ಮತ್ತೆ ಮತ್ತೆ ಓಡಿಸಿ ನೋಡಿದೆ. ಕೆಲವು ಸಾಮಾನು ನಾನೇ ಕೊಂಡದ್ದು, ಕೆಲವು ಧಾರವಾಡದ ಗೆಳೆಯನಿಂದ ಇಸಕೊಂಡದ್ದು.

ಕೆಲಸದ ಬಗ್ಗೆ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಈ ಹೋಲಿಕೆಗೆ ಅರ್ಥ ಇಲ್ಲ. ಹುಬ್ಬಳ್ಳಿ ಸುತ್ತ ಹೊಸ ಲೇಔಟ್‌ಗಳು, ನವಲಗುಂದದ ಕಡೆ ಹೊಲಗಳು, ಮಳೆಗಾಲದಲ್ಲಿ ಉಕ್ಕಿ ಬೆಳೆಗೆ ನುಗ್ಗುವ ಬೆಣ್ಣೆಹಳ್ಳದ ದಂಡೆ, ಇಂಥವು. ಡ್ರೋನ್ ನೂರಾರು ಫೋಟೊ ತೆಗೆಯುತ್ತದೆ. ಅವನ್ನೆಲ್ಲ ಹೊಂದಿಸಿ ಒಂದು ನಕ್ಷೆ ಮತ್ತು ನೆಲದ ಎತ್ತರ-ತಗ್ಗಿನ ಮಾದರಿ ತೆಗೆಯಬೇಕು. ಆ ಕರಿಮಣ್ಣಿನ ಸೀಮೆ ಸಪಾಟು. ಅರ್ಧ ಅಡಿ ವ್ಯತ್ಯಾಸ ಇದ್ದರೂ ನೀರು ಹೋಗುವ ದಿಕ್ಕೇ ಬದಲಾಗುತ್ತದೆ. ಹಾಗಾಗಿ ಕ್ವಾಲಿಟಿ ಇಳಿಸಿ ಬೇಗ ಮುಗಿಸುವ ದಾರಿ ನನಗಿಲ್ಲ.

ಫೋಟೊ ಹೊಂದಿಸಲು ನಾನು ಬಳಸುವ ಸಾಫ್ಟ್‌ವೇರ್ ವೆಬ್‌ಒಡಿಎಂ. ಅದರ ಒಳಗೆ ಕೆಲಸ ಮಾಡುವುದು ಓಪನ್‌ಡ್ರೋನ್‌ಮ್ಯಾಪ್. ಅದರ ಕೈಪಿಡಿಯಲ್ಲೇ ಲೆಕ್ಕ ಕೊಟ್ಟಿದ್ದಾರೆ: 250 ಫೋಟೊಗೆ 16 ಜಿಬಿ, 500ಕ್ಕೆ 32, 1500ಕ್ಕೆ 64, 2500ಕ್ಕೆ 128. ರ‍್ಯಾಮ್ ಸಾಲದಿದ್ದರೆ ಸ್ವಾಪ್ ಕೊಟ್ಟು, ಅಂದರೆ ಎಸ್‌ಎಸ್‌ಡಿಯ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸಿ, ಇದನ್ನು ತುಂಬಿಸಬಹುದು ಅಂತಲೂ ಇದೆ. ನಿಜ, ಆದರೆ ಹಾಗೆ ಮಾಡಿದಾಗ ಎಷ್ಟು ಕಾಯಬೇಕು ಅನ್ನುವುದು ಆ ಎಸ್‌ಎಸ್‌ಡಿ ಎಂಥದ್ದು ಅನ್ನುವುದರ ಮೇಲೆ ನಿಂತಿದೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಎರಡು ರ‍್ಯಾಮ್ ಸ್ಲಾಟ್, ಎಸ್‌ಎಸ್‌ಡಿ ಕೂರಿಸುವ ಎರಡು ಎಂ.2 ಸ್ಲಾಟ್ ಇವೆ. ರ‍್ಯಾಮ್ ಡಿಡಿಆರ್5 ಪೀಳಿಗೆಯದು, ವೇಗ 5600. ಕಂಪನಿಯಿಂದ ಬಂದದ್ದು 16 ಜಿಬಿಯ ಒಂದೇ ಸ್ಟಿಕ್, ಜೊತೆಗೆ 512 ಜಿಬಿ ಎಸ್‌ಎಸ್‌ಡಿ. ಎಲ್ಲ ಮಾಡೆಲ್ ಹೀಗಿರುವುದಿಲ್ಲ, ಜೋಪಾನ. ತೆಳುವಾದ ಎಷ್ಟೋ ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ, ಅದನ್ನು ಆಮೇಲೆ ಯಾರೂ ಹೆಚ್ಚಿಸಲು ಆಗುವುದಿಲ್ಲ. ಕೆಲವು ಹೊಸ ಮಾಡೆಲ್‌ಗಳಲ್ಲಿ ಎಲ್‌ಪಿಕ್ಯಾಮ್2 ಅನ್ನುವ ಬೇರೆ ಆಕಾರದ ಮಾಡ್ಯೂಲ್ ಇರುತ್ತದೆ, ಅದನ್ನು ಬದಲಿಸಬಹುದು, ಆದರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕೊಳ್ಳುವ ಮುಂಚೆ ಆ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಇಳಿಸಿಕೊಂಡು ಚಿತ್ರ ನೋಡಿಬಿಡಿ.

ಸುಮಾರು 600 ಫೋಟೊದ ಒಂದು ಕೆಲಸ ಇಟ್ಟುಕೊಂಡು ಪರೀಕ್ಷೆ ಮಾಡಿದೆ. ಬಂದ ಹಾಗೇ, 16 ಜಿಬಿಯಲ್ಲಿ, ಅದು ಮುಗಿಯಲೇ ಇಲ್ಲ. ಅರ್ಧ ದಾರಿಯಲ್ಲಿ ಕೋಡ್ 137 ಅಂತ ತೋರಿಸಿ ನಿಂತಿತು. ಇಂಥ ಕೆಲಸದಲ್ಲಿ ಆ ಸಂಖ್ಯೆ ಬಂತು ಅಂದರೆ ಸಾಮಾನ್ಯವಾಗಿ ಮೆಮೊರಿ ಸಾಲದೆ ಸಿಸ್ಟಮ್ಮೇ ಕೆಲಸವನ್ನು ಕೊಂದಿದೆ ಅಂತ ತಿಳಿಯಬೇಕು. ಒಂದೇ ಸ್ಟಿಕ್ ಇದ್ದರೆ ಇನ್ನೊಂದು ನಷ್ಟವೂ ಇದೆ. ಪ್ರೊಸೆಸರ್‌ಗೆ ಮೆಮೊರಿ ಕಡೆಗಿರುವ ಎರಡು ದಾರಿಯಲ್ಲಿ ಒಂದು ಖಾಲಿ ಬಿದ್ದಿರುತ್ತದೆ.

ಎರಡನೇ ಜೋಡಿ, ಹಳೆಯ 16ರ ಪಕ್ಕಕ್ಕೆ ಹೊಸ 32. ಕೊಪ್ಪಿಕರ ರಸ್ತೆ ಕಡೆಯ ಅಂಗಡಿಯವರು ಇದನ್ನೇ ಹೇಳಿದರು. "ಸರ, ಹಳೇದ ಅಲ್ಲೇ ಇರ್ಲಿ ಬಿಡ್ರಿ, ಬಾಜೂಕ ಒಂದ ಹಾಕಿದ್ರ ರೊಕ್ಕಾ ಉಳೀತಾವ." ಮಾತು ಸುಳ್ಳಲ್ಲ. ಒಟ್ಟು 48 ಆಗುತ್ತದೆ, ಯಂತ್ರ ತಕರಾರಿಲ್ಲದೆ ಎದ್ದಿತು. ಇಂಥ ಜೋಡಿಯಲ್ಲಿ ಎರಡೂ ಸ್ಟಿಕ್‌ನ ಮೊದಲ 16 ಜಿಬಿ ಜೊತೆಯಾಗಿ, ಅಂದರೆ 32 ಜಿಬಿಯಷ್ಟು ಎರಡು ದಾರಿಯಲ್ಲಿ ಓಡುತ್ತದೆ. ದೊಡ್ಡ ಸ್ಟಿಕ್‌ನ ಉಳಿದ 16 ಜಿಬಿ ಒಂಟಿಯಾಗಿ ಓಡುತ್ತದೆ. ಆಟೊಕ್ಯಾಡ್, ಕ್ಯೂಜಿಐಎಸ್, ಬ್ರೌಸರ್ ಇಷ್ಟೇ ಇದ್ದಾಗ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಫೋಟೊ ಜೋಡಿಸುವ ದೊಡ್ಡ ಕೆಲಸ ಹಚ್ಚಿದಾಗ ಕಂಡಿತು. ಕೆಲಸ ಮುಗಿಯಿತು, ಆದರೆ ಸಂಜೆ ಹಚ್ಚಿದ್ದು ಬೆಳಗಿನ ಚಹಾದ ಹೊತ್ತಿಗೆ ಸಿಕ್ಕಿತು.

ಮೂರನೆಯದು 32 + 32, ಒಂದೇ ಕಂಪನಿ, ಒಂದೇ ಪಾರ್ಟ್ ನಂಬರ್, ಒಂದೇ ಡಬ್ಬಿಯಲ್ಲಿ ಬಂದ ಜೋಡಿ. ನನ್ನ ಮಟ್ಟಿಗೆ ಗೆದ್ದದ್ದು ಇದೇ. ಅದೇ ಕೆಲಸ ಸಂಜೆ ಹಚ್ಚಿದರೆ ಊಟ ಮುಗಿಸಿ ಮಲಗುವ ಮುಂಚೆ ಮುಗಿದಿರುತ್ತಿತ್ತು. ಸ್ವಾಪ್ ಹೆಚ್ಚುಕಡಿಮೆ ಮುಟ್ಟಲೇ ಇಲ್ಲ.

ನಾಲ್ಕನೆಯದು ಗೆಳೆಯನ 48 + 48. ಈ 48ರ ಸ್ಟಿಕ್‌ಗಳಲ್ಲಿ 24 ಗಿಗಾಬಿಟ್ ಚಿಪ್ ಇರುತ್ತವೆ, ಹಳೆಯ ಬಯಾಸ್‌ಗೆ, ಅಂದರೆ ಯಂತ್ರ ಶುರುವಾಗುವಾಗ ಮೊದಲು ಓಡುವ ಒಳಗಿನ ಸಾಫ್ಟ್‌ವೇರ್‌ಗೆ, ಅವು ಗೊತ್ತಾಗದೇ ಹೋಗಬಹುದು. ಅದಕ್ಕೇ ಮೊದಲು ಬಯಾಸ್ ಅಪ್‌ಡೇಟ್ ಮಾಡಿ ಆಮೇಲೆ ಹಾಕಿದೆವು. 600 ಫೋಟೊದ ಕೆಲಸಕ್ಕೆ 64ಕ್ಕಿಂತ ಬೇಗ ಏನೂ ಆಗಲಿಲ್ಲ. ಸಾಕಾಗುವಷ್ಟು ರ‍್ಯಾಮ್ ಇದ್ದ ಮೇಲೆ ಇನ್ನೂ ಹಾಕಿದರೆ ಅದು ಸುಮ್ನೆ ಕೂತಿರುತ್ತದೆ ಅಲ್ವಾ. ಸಾವಿರದೈನೂರು ದಾಟುವ ಕೆಲಸ ದಿನಾಲೂ ಬರುವವರಿಗೆ ಮಾತ್ರ ಇದು ಬೇಕು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಯಾಕಂದರೆ 64 ಹಾಕಿದ ಮೇಲೂ "ಏನೂ ಬದಲಾಗಲಿಲ್ಲ" ಅನ್ನುವವರು ಬಹಳ ಜನ. ವಿಂಡೋಸ್‌ನಲ್ಲಿ ವೆಬ್‌ಒಡಿಎಂ ಸಾಮಾನ್ಯವಾಗಿ ಓಡುವುದು ಡಾಕರ್ ಅನ್ನುವ, ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟ ಹಾಗೆ ಓಡಿಸುವ ಸಾಧನದ ಮೇಲೆ, ಡಾಕರ್ ಓಡುವುದು ಸಾಮಾನ್ಯವಾಗಿ ಡಬ್ಲ್ಯೂಎಸ್‌ಎಲ್2 ಅನ್ನುವ ಲಿನಕ್ಸ್ ಪದರದ ಮೇಲೆ. ಆ ಪದರ ತಾನಾಗಿಯೇ ತಗೊಳ್ಳುವುದು ಒಟ್ಟು ರ‍್ಯಾಮ್‌ನ ಅರ್ಧ ಮಾತ್ರ. ಸ್ವಾಪ್ ಕಾಲು ಭಾಗ. ಅಂದರೆ ನೀವು 64 ಹಾಕಿದರೂ ಕೆಲಸಕ್ಕೆ ಸಿಗುವುದು 32. ಯೂಸರ್ ಫೋಲ್ಡರ್‌ನಲ್ಲಿ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ ಅನ್ನುವ, ಹೆಸರಿನ ಮುಂದೆ ಚುಕ್ಕೆ ಇರುವ ಫೈಲ್ ಮಾಡಿ ಅದರಲ್ಲಿ ಮೆಮೊರಿ ಮಿತಿ ಏರಿಸಬೇಕು. ನಾನು 64ರಲ್ಲಿ 54 ಅದಕ್ಕೆ ಕೊಟ್ಟು ಉಳಿದದ್ದು ವಿಂಡೋಸ್‌ಗೆ ಬಿಟ್ಟಿದ್ದೇನೆ. ಮೇಲೆ ಹೇಳಿದ 48, 64, 96ರ ಹೋಲಿಕೆಗಳೆಲ್ಲ ಈ ಮಿತಿ ಏರಿಸಿದ ಮೇಲೆ ಮಾಡಿದವು.

ಇನ್ನು ಎಸ್‌ಎಸ್‌ಡಿ. ಕಂಪನಿ ಕೊಟ್ಟ 512 ತೆಗೆದು ದೊಡ್ಡದು ಹಾಕುವುದೋ, ಅದನ್ನು ಅಲ್ಲೇ ಬಿಟ್ಟು ಎರಡನೇ ಸ್ಲಾಟ್ ತುಂಬುವುದೋ? ಎರಡನೇ ಸ್ಲಾಟ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ತುಂಬಿ. ತೆಗೆದು ಹಾಕುವ ದಾರಿಯಲ್ಲಿ ಕ್ಲೋನ್ (ಇದ್ದ ಹಾಗೇ ನಕಲು) ಮಾಡಬೇಕು, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ನಿಲ್ಲಿಸಬೇಕು, ಹೊಸದಾಗಿ ವಿಂಡೋಸ್ ಹಾಕಲು ಹೋದರೆ ಇಂಟೆಲ್ ಯಂತ್ರಗಳಲ್ಲಿ ಎಷ್ಟೋ ಸಲ ವಿಎಂಡಿ ಡ್ರೈವರ್ ಕೊಡುವವರೆಗೂ ಡಿಸ್ಕೇ ಕಾಣುವುದಿಲ್ಲ. ಎರಡನೇ ಸ್ಲಾಟ್‌ನಲ್ಲಿ ಈ ರಗಳೆ ಯಾವುದೂ ಇಲ್ಲ. ಹಾಕಿ, ಫಾರ್ಮ್ಯಾಟ್ ಮಾಡಿ, ಕೆಲಸ ಶುರು.

ಯಾವುದನ್ನು ಹಾಕುವುದು ಅನ್ನುವುದರಲ್ಲಿ ಮಾತ್ರ ಬಹಳ ಹೊತ್ತು ಕಳೆದೆ. 2 ಟಿಬಿಯಲ್ಲಿ ಮೂರು ಬಗೆ ನೋಡಿದೆ. ಅಗ್ಗದ ಕ್ಯೂಎಲ್‌ಸಿ ಒಂದು. ಡಿರ‍್ಯಾಮ್ ಇಲ್ಲದ ಟಿಎಲ್‌ಸಿ ಒಂದು. ಡಿರ‍್ಯಾಮ್ ಇರುವ ಟಿಎಲ್‌ಸಿ ಒಂದು, ಅದು ಡಬ್ಲ್ಯೂಡಿ ಬ್ಲ್ಯಾಕ್ ಎಸ್‌ಎನ್850ಎಕ್ಸ್. ಕ್ಯೂಎಲ್‌ಸಿ, ಟಿಎಲ್‌ಸಿ ಅನ್ನುವುದು ಒಳಗಿನ ಚಿಪ್‌ನ ಜಾತಿ, ಡಿರ‍್ಯಾಮ್ ಅಂದರೆ ಎಸ್‌ಎಸ್‌ಡಿ ತನ್ನ ಲೆಕ್ಕಪತ್ರ ಇಡಲು ಬಳಸುವ ಸ್ವಂತ ಚಿಕ್ಕ ಮೆಮೊರಿ. ಮೂರೂ ಪಿಸಿಐಇ 4.0, ಅಂದರೆ ಎಸ್‌ಎಸ್‌ಡಿ ಯಂತ್ರಕ್ಕೆ ಸೇರುವ ದಾರಿಯ ನಾಲ್ಕನೇ ಪೀಳಿಗೆ. ಟಿಎಲ್‌ಸಿಯ ಒಂದೊಂದು ಕೋಶದಲ್ಲಿ ಮೂರು ಬಿಟ್, ಕ್ಯೂಎಲ್‌ಸಿಯಲ್ಲಿ ನಾಲ್ಕು. ಅದೇ ಜಾಗದಲ್ಲಿ ಜಾಸ್ತಿ ತುಂಬಿಸುವುದರಿಂದ ಬೆಲೆ ಕಡಿಮೆ, ಬರೆಯುವುದು ನಿಧಾನ, ಬಾಳಿಕೆಯೂ ಕಡಿಮೆ.

ನಿಧಾನ ಅನ್ನುವುದು ಮೊದಲ ದಿನ ಗೊತ್ತೇ ಆಗುವುದಿಲ್ಲ. ಖಾಲಿ ಇರುವ ಜಾಗದಲ್ಲಿ ಒಂದು ಭಾಗವನ್ನು ಕೋಶಕ್ಕೆ ಒಂದೇ ಬಿಟ್‌ನಂತೆ ಬಳಸಿ ಡ್ರೈವ್ ಮೊದಲಿಗೆ ಜೋರಾಗಿ ಬರೆದುಕೊಳ್ಳುತ್ತದೆ, ಆಮೇಲೆ ಪುರುಸೊತ್ತಾದಾಗ ಒಳಗೆ ಸರಿಯಾಗಿ ಜೋಡಿಸಿಕೊಳ್ಳುತ್ತದೆ. ಡಬ್ಬಿ ಮೇಲಿನ ಸ್ಪೀಡ್ ಆ ಮೊದಲ ಜೋರಿನದು. ಡ್ರೈವ್ ತುಂಬುತ್ತ ಬಂದ ಹಾಗೆ ಆ ಭಾಗ ಚಿಕ್ಕದಾಗುತ್ತದೆ. ಮುಕ್ಕಾಲು ತುಂಬಿದ ಕ್ಯೂಎಲ್‌ಸಿಗೆ ಹಳೆಯ ಪ್ರಾಜೆಕ್ಟ್‌ಗಳ ದೊಡ್ಡ ಫೋಲ್ಡರ್ ಒಂದನ್ನು ಕಾಪಿ ಹಚ್ಚಿ ಟಾಸ್ಕ್ ಮ್ಯಾನೇಜರ್ ತೆರೆದು ಕೂತೆ. ಗೆರೆ ಮೊದಲು ಮೇಲೇ ಇತ್ತು, ಸೆಕೆಂಡಿಗೆ ಸಾವಿರ ಎಂಬಿಯ ಮೇಲೆ. ಸ್ವಲ್ಪ ಹೊತ್ತಿಗೆ ಒಮ್ಮೆಲೇ ಕೆಳಗೆ ಬಿದ್ದು ನೂರರ ಆಸುಪಾಸು ನಿಂತಿತು, ಮುಗಿಯುವವರೆಗೂ ಏಳಲಿಲ್ಲ. ಆ ವೇಗ ಹಳೆಯ ತಿರುಗುವ ಹಾರ್ಡ್‌ಡಿಸ್ಕ್‌ನದು. ಎಸ್‌ಎನ್850ಎಕ್ಸ್‌ನಲ್ಲೂ ಗೆರೆ ಇಳಿಯಿತು, ಆದರೆ ಸಾವಿರಕ್ಕಿಂತ ಕೆಳಗೆ ಬರಲಿಲ್ಲ.

ಡ್ರೋನ್‌ನ ಮೆಮೊರಿ ಕಾರ್ಡ್‌ನಿಂದ ಫೋಟೊ ಇಳಿಸುವಾಗ ಮೂರೂ ಒಂದೇ. ಕಾರ್ಡೇ ನಿಧಾನ, ಎಸ್‌ಎಸ್‌ಡಿ ಎಷ್ಟು ಜೋರಿದ್ದರೂ ಅದಕ್ಕೆ ಕಾಯಲೇಬೇಕು. ಹಾಗಾಗಿ ಬರೀ ಫೋಟೊ ಇಡಲು, ಹಳೆಯ ಕೆಲಸ ಕೂಡಿಡಲು ಕ್ಯೂಎಲ್‌ಸಿ ಸಾಕು ಅಂತ ಧೈರ್ಯವಾಗಿ ಹೇಳುತ್ತೇನೆ. ಫೋಟೊ ಜೋಡಿಸುವಾಗ ನಡುವೆ ಹುಟ್ಟುವ ಫೈಲ್‌ಗಳು ಮೂಲ ಫೋಟೊಗಳಿಗಿಂತ ಎಷ್ಟೋ ಪಟ್ಟು ದೊಡ್ಡವು, ಅವನ್ನು ಬರೆದು ಅಳಿಸಿ ಮತ್ತೆ ಬರೆಯುತ್ತದೆ. ಸ್ವಾಪ್‌ನ ಬರಹ ಅದರ ಮೇಲೆ ಬೇರೆ. ಇಲ್ಲಿ ಕ್ಯೂಎಲ್‌ಸಿ ಬೇಡವೇ ಬೇಡ.

ಡಿರ‍್ಯಾಮ್ ಇರುವುದು, ಇಲ್ಲದ್ದು ಇವುಗಳ ನಡುವೆ ನಾನು ಅಂದುಕೊಂಡಷ್ಟು ಅಂತರ ಸಿಗಲಿಲ್ಲ. ಡಿರ‍್ಯಾಮ್ ಇಲ್ಲದವು ಲ್ಯಾಪ್‌ಟಾಪ್‌ನ ರ‍್ಯಾಮ್‌ನಲ್ಲೇ ಚೂರು ಜಾಗ ಕಡ ತಗೊಂಡು ತಮ್ಮ ಲೆಕ್ಕಪತ್ರ ಇಟ್ಟುಕೊಳ್ಳುತ್ತವೆ. ಅದು ಕೆಲವು ಹತ್ತು ಎಂಬಿ ಅಷ್ಟೇ. 600 ಫೋಟೊದ ಕೆಲಸದಲ್ಲಿ ಎರಡರ ಅಂತರ ನಿಮಿಷಗಳ ಲೆಕ್ಕದಲ್ಲಿತ್ತು. ಬೆಲೆಯ ಅಂತರ ಜಾಸ್ತಿ ಇದ್ದರೆ ಡಿರ‍್ಯಾಮ್ ಇಲ್ಲದ ಟಿಎಲ್‌ಸಿ ತಗೊಂಡು ಉಳಿದ ದುಡ್ಡನ್ನು ರ‍್ಯಾಮ್‌ಗೆ ಹಾಕಿ. ನಾನು ಎಸ್‌ಎನ್850ಎಕ್ಸ್ ಇಟ್ಟುಕೊಂಡದ್ದು ಬಾಳಿಕೆಗಾಗಿ. 2 ಟಿಬಿಗೆ 1200 ಟಿಬಿಡಬ್ಲ್ಯೂ, ಅಂದರೆ 1200 ಟಿಬಿ ಬರೆಯುವವರೆಗೆ ಅಥವಾ 5 ವರ್ಷದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ. ಸ್ಯಾಮ್‌ಸಂಗ್ 990 ಪ್ರೊದಲ್ಲೂ ಇದೇ ಅಂಕಿ. ಅಗ್ಗದ ಕ್ಯೂಎಲ್‌ಸಿಗಳಲ್ಲಿ ಇದರ ಮೂರನೇ ಒಂದು ಭಾಗದ ಸುತ್ತಮುತ್ತ ಇರುವುದು ಸಾಮಾನ್ಯ. ಪಿಸಿಐಇ 5.0 ಡ್ರೈವ್ ಕೇಳಿದವರಿಗೆ: ಸ್ಲಾಟ್ 4.0 ಆಗಿದ್ದರೆ ಅದು 4.0 ವೇಗದಲ್ಲೇ ಓಡುತ್ತದೆ. ದುಡ್ಡು ದಂಡ.

ಬಿಸಿಲಿನ ಮಾತು ಬಿಡುವ ಹಾಗಿಲ್ಲ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ 37-38 ಡಿಗ್ರಿ ಇರುವಾಗ ಎಸ್‌ಎಸ್‌ಡಿ ಕಾಯುತ್ತದೆ, ತೀರಾ ಕಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಸ್ಲಾಟ್‌ಗೆ ತಗಡು, ಥರ್ಮಲ್ ಪ್ಯಾಡ್ ಕೊಟ್ಟಿರುತ್ತಾರೆ, ಎರಡನೆಯದು ಬೋಳಾಗಿರುತ್ತದೆ. ನನ್ನದೂ ಹಾಗೇ ಇತ್ತು. ತೆಳು ಥರ್ಮಲ್ ಪ್ಯಾಡ್ ಇಟ್ಟು ಕೆಳಗಿನ ಮುಚ್ಚಳಕ್ಕೆ ತಾಗುವ ಹಾಗೆ ಮಾಡಿದ ಮೇಲೆ ಬಿಸಿ ಚೆನ್ನಾಗಿಯೇ ಇಳಿಯಿತು. ಡ್ರೈವ್ ಕೊಳ್ಳುವಾಗ ಹೀಟ್‌ಸಿಂಕ್ ಇಲ್ಲದ್ದೇ ಕೇಳಿ. ಹೀಟ್‌ಸಿಂಕ್ ಇರುವುದು ಡೆಸ್ಕ್‌ಟಾಪ್‌ಗೆ, ಲ್ಯಾಪ್‌ಟಾಪ್ ಮುಚ್ಚಳ ಕೂರುವುದಿಲ್ಲ.

ಆನ್‌ಲೈನ್‌ನೋ ಊರಿನ ಅಂಗಡಿಯೋ? ರ‍್ಯಾಮ್ ನಾನು ಅಂಗಡಿಯಲ್ಲೇ ತಗೊಂಡೆ. ಹೊಂದದಿದ್ದರೆ ಎದುರಿಗೇ ಬದಲಿಸಬಹುದು, ಜಿಎಸ್‌ಟಿ ನಂಬರ್ ಹಾಕಿದ ಬಿಲ್ ಕೊಡುತ್ತಾರೆ, ವ್ಯವಹಾರ ನೋಂದಾಯಿಸಿದವರಿಗೆ 18% ತೆರಿಗೆ ಇನ್‌ಪುಟ್ ಕ್ರೆಡಿಟ್‌ನಲ್ಲಿ ಬರುತ್ತದೆ. ಎಸ್‌ಎಸ್‌ಡಿ ಆನ್‌ಲೈನ್‌ನಲ್ಲಿ ತಗೊಂಡೆ, ಆದರೆ ಬಂದ ಕೂಡಲೇ ಡಿಸ್ಕ್‌ನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಸಾಫ್ಟ್‌ವೇರ್‌ನಲ್ಲಿ ತೆರೆದು ಎಷ್ಟು ಗಂಟೆ ಓಡಿದೆ, ಎಷ್ಟು ಬರೆದಿದೆ ಅಂತ ನೋಡಿದೆ. ಹೊಸದಾದರೆ ಎರಡೂ ಸೊನ್ನೆಯ ಹತ್ತಿರ ಇರಬೇಕು. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜಗತ್ತಿನೆಲ್ಲೆಡೆ ಏರಿದೆ. ಹಾಗಾಗಿ ಕಂಪನಿಯಲ್ಲೇ ಜಾಸ್ತಿ ರ‍್ಯಾಮ್ ಹಾಕಿಸಿಕೊಂಡರೆ ಎಷ್ಟು, ಹೊರಗೆ ಕೊಂಡರೆ ಎಷ್ಟು ಅಂತ ಎರಡೂ ಕೇಳಿ. ಹೊರಗೇ ಅಗ್ಗ ಅನ್ನುವ ಹಳೆಯ ಲೆಕ್ಕ ಈಗ ಪ್ರತಿ ಸಲ ನಿಜ ಆಗುವುದಿಲ್ಲ.

ಹಾಕುವಾಗ ಬಯಾಸ್‌ಗೆ ಹೋಗಿ ಒಳಗಿನ ಬ್ಯಾಟರಿ ಆಫ್ ಮಾಡುವ ಆಯ್ಕೆ ಇದ್ದರೆ ಮಾಡಿ, ಇಲ್ಲದಿದ್ದರೆ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿ ಕನೆಕ್ಟರ್ ಕಳಚಿ. ಬಿಟ್‌ಲಾಕರ್ ಕೀ ಬರೆದಿಟ್ಟುಕೊಳ್ಳಿ, ಬಿಡಿಭಾಗ ಬದಲಾದರೆ ಅದು ಕೇಳಬಹುದು. ಡಿಡಿಆರ್5 ಹಾಕಿ ಮೊದಲ ಸಲ ಶುರು ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಗೇ ಇರುತ್ತದೆ, ಫ್ಯಾನ್ ಸುತ್ತುತ್ತದೆ, ಏನೂ ಕಾಣುವುದಿಲ್ಲ. ಯಂತ್ರ ಹೊಸ ರ‍್ಯಾಮ್ ಜೊತೆ ಹೊಂದಿಕೊಳ್ಳುವ ಹೊತ್ತು ಅದು. ಪವರ್ ಬಟನ್ ಒತ್ತಬೇಡಿ, ಕಾಯಿರಿ. ಆಮೇಲೆ ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಮರುದಿನವೇ ಅಂಗಡಿಗೆ ಹೋಗಿ ಬದಲಿಸಿಕೊಳ್ಳಿ, ಎತ್ತರದ ಲೆಕ್ಕ ಮಾಡುವ ಯಂತ್ರದಲ್ಲಿ ಅಂಥ ರ‍್ಯಾಮ್ ಇರಬಾರದು.

ಕಳಚಿದ 16ರ ಸ್ಟಿಕ್ ಮಾರಬೇಡಿ, ಅಂಗಡಿಯವರು ಎಕ್ಸ್‌ಚೇಂಜ್‌ಗೆ ಕೇಳಿದರೂ. ವಾರಂಟಿ ಮುಗಿಯುವವರೆಗೆ ಆ್ಯಂಟಿಸ್ಟ್ಯಾಟಿಕ್ ಕವರ್‌ನಲ್ಲಿ ಹಾಕಿ ಲ್ಯಾಪ್‌ಟಾಪ್ ಡಬ್ಬಿಯಲ್ಲೇ ಇಡಿ. ಮುಂದೆ ಸರ್ವಿಸ್‌ಗೆ ಕೊಡುವಾಗ ನಮ್ಮ ರ‍್ಯಾಮ್, ನಮ್ಮ ಎಸ್‌ಎಸ್‌ಡಿ ತೆಗೆದು ಮೊದಲಿನ ಸಾಮಾನು ಹಾಕಿಯೇ ಕೊಡುವುದು ಒಳ್ಳೆಯದು. ಹೊರಗಿನ ರ‍್ಯಾಮ್‌ನಿಂದಲೇ ತೊಂದರೆ ಅನ್ನುವ ಮಾತು ಬರುವುದಿಲ್ಲ, ರೈತರ ಹೊಲದ ಅಳತೆ ಇರುವ ಡಿಸ್ಕ್ ಕೂಡ ಮನೆಯಲ್ಲೇ ಇರುತ್ತದೆ.